ಮಣಿ ಒಂದು, ದಾರ ಎರಡು

ಡಫಳಾಪುರ
೧೨ ಜೂನ್ ೨೦೦೩

ಗೆಳೆಯ ಶಿವಯೋಗೆಪ್ಪನಿಗೆ ಕಾಸೀಂಸಾಬನ ಸಲಾಮು.

ನೀನು ಸೊಲ್ಲಾಪುರಕ್ಕೆ ಹೋಗಿ ಎರಡು ವರ್ಷವಾಯಿತು. ನಾನಾಗಿ ಬರೆಯುತ್ತಿರುವ ಕಾಗದ ಇದೇ ಮೊದಲನೆಯದು. ಕೆಲಸ ಬಿದ್ದಾಗ ನೆನಪಾದೆನೇ ಎಂದು ಬೈಯಬೇಡ. ಬೈಯುವುದಾದರೆ ಪೂರ್ತಿ ಓದಿ ಆಮೇಲೆ ಬೈ.

ನನ್ನ ಮಗಳು ಆರಜೂ ನಿನಗೆ ಗೊತ್ತು. ಈಗ ಶಾಲೆಯಲ್ಲಿ ಎಂಟನೆಯ ಇಯತ್ತೆ. ಹಾಡು ಹೇಳು ಅಂದರೆ ಹೇಳುತ್ತಾಳೆ, ಬಾಯಿಲೆಕ್ಕ ನನಗಿಂತ ಮೊದಲು ಮಾಡುತ್ತಾಳೆ. ಪುಸ್ತಕ ಕೊಟ್ಟರೆ ಮಾತ್ರ ಹತ್ತು ಸಾಲು ದಾಟುವುದಿಲ್ಲ. ತಲೆನೋವು ಅನ್ನುತ್ತಾಳೆ, ಅಕ್ಷರ ನಡೆದಾಡುತ್ತವೆ ಅನ್ನುತ್ತಾಳೆ, ಒಂದು ಎರಡಾಗುತ್ತದೆ ಅನ್ನುತ್ತಾಳೆ. ಗುರುಗಳು ಕರೆಸಿ, "ಹುಡುಗಿ ಶಾಣೇಕಿ ಅದಾಳ, ಆದ್ರ ಮೈಗಳ್ಳತನ ಭಾಳ" ಎಂದರು. ನನಗೂ ಹಾಗೇ ಅನ್ನಿಸಿತ್ತು. ಒಂದು ಸಲ ಕೈಯೂ ಎತ್ತಿದೆ. ಮನೆಯವಳು ನಜಮಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಕಡೆಗೆ ಮಿರಜಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಹೆಂಗಸು, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಾರೆ. ಅವರು ಒಂದು ತಾಸು ತಪಾಸಣೆ ಮಾಡಿ ಹೇಳಿದ್ದು ಇಷ್ಟು: ಬಲಗಣ್ಣು ಚೆನ್ನಾಗಿದೆ. ಎಡಗಣ್ಣೂ ಚೆನ್ನಾಗಿದೆ. ಎರಡೂ ಕೂಡಿ ಕೆಲಸ ಮಾಡುವುದಿಲ್ಲ. ಔಷಧ ಬೇಡ, ಆಪರೇಶನ್ ಬೇಡ, ಚಷ್ಮಾ ಬೇಡ. ಆರು ತಿಂಗಳು ಕಣ್ಣಿಗೆ ವ್ಯಾಯಾಮ ಮಾಡಿಸಬೇಕು, ವಾರಕ್ಕೊಮ್ಮೆ ಬಂದು ತೋರಿಸಬೇಕು.

ಔಷಧವಿಲ್ಲದ ರೋಗ ಎಂಥ ರೋಗ? ನಾನು ಗಡಿಯಾರ ರಿಪೇರಿ ಮಾಡುವವ. ಚಕ್ರದ ಎಲ್ಲ ಹಲ್ಲೂ ಚೆನ್ನಾಗಿದ್ದು ಗಡಿಯಾರ ನಿಂತಿದೆ ಎಂದರೆ ಎಲ್ಲೋ ಕಸ ಸಿಕ್ಕಿರಬೇಕು. ಇಲ್ಲಿ ಕಸ ಎಲ್ಲಿದೆ?

ನೀನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ತಲೆ ತಿಂದು ಮಾರಿದ ಆರೋಗ್ಯದ ಪಾಲಿಸಿ ಇದೆಯಲ್ಲ, ಅದರಲ್ಲಿ ಈ ವ್ಯಾಯಾಮಕ್ಕೆ ಹಣ ಬರುತ್ತದೆಯೇ? ಹಣಕ್ಕಾಗಿಯೇ ಕೇಳುತ್ತಿಲ್ಲ. ನಿಮ್ಮ ಕಂಪನಿಯವರು ಸುಮ್ಮನೆ ಯಾರಿಗೂ ದುಡ್ಡು ಬಿಚ್ಚುವವರಲ್ಲ. ಅವರು ಇದನ್ನು ರೋಗವೆಂದು ಒಪ್ಪಿದರೆ ನಾನೂ ಒಪ್ಪುತ್ತೇನೆ, ಮಗಳ ಕ್ಷಮೆ ಕೇಳುತ್ತೇನೆ. ಒಪ್ಪದಿದ್ದರೆ ಗುರುಗಳ ಮಾತೇ ಖರೆ ಅಂತಾಯಿತು. ದೀಪಾವಳಿ ಸೂಟಿಗೆ ಶಾಲೆ ಬಿಡಿಸಿಬಿಡುತ್ತೇನೆ.

ಇಂತಿ ನಿನ್ನ
ಕಾಸೀಂಸಾಬ


ಸೊಲ್ಲಾಪುರ
೨೧ ಜೂನ್ ೨೦೦೩

ಕಾಸೀಂ,

ಪೂರ್ತಿ ಓದಿದೆ, ಆಮೇಲೆ ಬೈದೆ. ನಮ್ಮ ಮನೆಯವಳು ಶಾಂತಾದೇವಿ ಅಡುಗೆಮನೆಯಿಂದ, "ಯಾರಿಗ್ರೀ ಒಬ್ರ ಕುಂತು ಬೈಯಾಕ್ಹತ್ತೀರಿ?" ಎಂದು ಕೇಳಿದಳು. ನಿನ್ನ ಹೆಸರು ಹೇಳಿದ ಮೇಲೆ ಒಲೆಯ ಕಡೆ ತಿರುಗಿದಳು.

ಕೂಸಿನ ಮೇಲೆ ಕೈ ಎತ್ತಿದೆಯಲ್ಲೋ, ನಿನಗೆ ಏನೆನ್ನಲಿ? ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಒಂದು ಚಿನ್ನಿಯನ್ನಾದರೂ ಹಿಡಿದವನೇ ನೀನು? ಕೈಗೆ ಬಂದದ್ದನ್ನು ಬಿಟ್ಟು ಗಾಳಿಯನ್ನು ಹಿಡಿಯುತ್ತಿದ್ದೆ. ನಾವು ಯಾರಾದರೂ ನಿನ್ನನ್ನು ಹೊಡೆದೆವೇ? ನಕ್ಕೆವು, ಅಷ್ಟೆ.

ಪಾಲಿಸಿಯ ವಿಷಯ. ಮೊದಲು ಧೈರ್ಯವಾಗಿ "ಬಂದೇ ಬರುತ್ತದೆ" ಎಂದು ಬರೆದಿದ್ದೆ. ಆಮೇಲೆ ಪುಸ್ತಕ ತೆಗೆದು ನೋಡಿ ಆ ಹಾಳೆ ಹರಿದೆ. ಅಕ್ಷರ ಎಷ್ಟು ಸಣ್ಣವೆಂದರೆ ನೀನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯೇ ಬೇಕು. ಹಣ ಬರಬೇಕಾದರೆ ರೋಗಿ ಇಪ್ಪತ್ನಾಲ್ಕು ತಾಸು ಆಸ್ಪತ್ರೆಯ ಹಾಸಿಗೆಯ ಮೇಲೆ ಇರಬೇಕು. ಕಣ್ಣಿನ ಪೊರೆ ತೆಗೆಯುವುದಕ್ಕೆ ಮಾತ್ರ ಈ ನಿಯಮದಿಂದ ವಿನಾಯಿತಿ. ಚಷ್ಮಾಕ್ಕೆ ಹಣವಿಲ್ಲ. ಆದರೆ ಕಣ್ಣಿನ ವ್ಯಾಯಾಮ ಎಂಬ ಮಾತು ಕೊಡುವ ಪಟ್ಟಿಯಲ್ಲೂ ಇಲ್ಲ, ಕೊಡದ ಪಟ್ಟಿಯಲ್ಲೂ ಇಲ್ಲ. ಮೂರು ಸಲ ಓದಿದೆ. ಇಪ್ಪತ್ತು ವರ್ಷ ಪಾಲಿಸಿ ಮಾರಿದವ ನಾನು, ನನಗೇ ತಲೆ ಗಿರ್ ಅಂದಿತು.

ಆಫೀಸಿನ ಇಬ್ಬರು ಸಾಹೇಬರನ್ನು ಕೇಳಿದೆ. ಒಬ್ಬರು "ಕಳಸ್ರಿ, ನೋಡೂಣು" ಅಂದರು. ಇನ್ನೊಬ್ಬರು "ಕಳಸಬ್ಯಾಡ್ರಿ" ಅಂದರು. ಇಬ್ಬರೂ ಅದೇ ಪುಟಕ್ಕೆ ಬೆರಳಿಟ್ಟು ಹೇಳಿದರು.

ಆದ್ದರಿಂದ ಕಳಿಸು. ಡಾಕ್ಟರರ ಸರ್ಟಿಫಿಕೇಟು ಹಚ್ಚಿ, ಮೇಲೆ ಮರಾಠಿಯಲ್ಲಿ ಒಂದು ಅರ್ಜಿ ಟೈಪ್ ಮಾಡಿಸಿ ಪುಣೆಯ ಕಚೇರಿಗೆ ಹಾಕು. ತೀರ್ಮಾನ ಮಾಡುವವರು ಅಲ್ಲಿದ್ದಾರೆ. ಮತ್ತೆ, ಆ ವ್ಯಾಯಾಮ ಎಂದರೆ ಏನು ಮಾಡಿಸುತ್ತಾರೆ? ಶಾಂತಾದೇವಿಗೂ ತಿಳಿಯಬೇಕಂತೆ.

ನಿನ್ನ
ಶಿವಯೋಗೆಪ್ಪ


ಡಫಳಾಪುರ
೧೮ ಜುಲೈ ೨೦೦೩

ಗೆಳೆಯ ಶಿವಯೋಗೆಪ್ಪನಿಗೆ,

ಏನು ಮಾಡಿಸುತ್ತಾರೆ ಎಂದು ನೀನು ಕೇಳಿದ್ದೆ. ಒಂದು ಮಾರು ಉದ್ದದ ಬಿಳಿ ದಾರ. ಅದರಲ್ಲಿ ಕೆಂಪು, ಹಳದಿ, ಹಸಿರು, ಮೂರು ಕಟ್ಟಿಗೆಯ ಮಣಿ. ದಾರದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದನ್ನು ಮೂಗಿನ ತುದಿಗೆ ಹಿಡಿಯಬೇಕು. ಒಂದೊಂದೇ ಮಣಿ ನೋಡಬೇಕು, ಹತ್ತಿರದ್ದು, ನಡುವಿನದು, ದೂರದ್ದು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಇಷ್ಟೇ. ಇದಕ್ಕೆ ಮಿರಜಿಯ ತನಕ ಬಸ್ಸು.

ಮೊದಲ ದಿನ ನಜಮಾ ನೋಡಿ, "ಇದೇನ್ರೀ, ಡಾಕ್ಟರ್ ಕಡೆ ಹೋಗ್ತೀನಂತ ಹೇಳಿ ತಾಯಿತ ಮಾಡ್ಸಿಕೊಂಡು ಬಂದೀರಿ?" ಎಂದಳು. ಓಣಿಯವರಂತೂ ಕಿಟಕಿಯ ಹೊರಗೆ ನಿಂತು ಯಾವ ದರ್ಗಾದ ದಾರ ಎಂದು ಕೇಳುತ್ತಾರೆ. ಮಿರಜಿಯದು ಎಂದರೆ "ಹೌದ್ರಿ, ಅಲ್ಲಿ ದರ್ಗಾ ಭಾಳ ಕಡಕ್ ಐತಿ" ಅನ್ನುತ್ತಾರೆ.

ವ್ಯಾಯಾಮ ಮಾಡುವಾಗ ನಾನು ಪಕ್ಕದಲ್ಲೇ ಕುಳಿತಿರುತ್ತೇನೆ. ಒಳಗೆ ಕತ್ತಲೆ ಕೋಣೆಯಲ್ಲಿ ಡಾಕ್ಟರ್ ಬಾಯಿ ಆರಜೂಗೆ ಎಲ್ಲ ವಿವರಿಸಿದ್ದಾರೆ. ಹೊರಗೆ ಬಂದು ನನಗೆ ಹೇಳಿದ್ದು ಒಂದೇ ಮಾತು, ಎರಡು ಕಾಣುವುದು ಒಂದಾಗಬೇಕು. ಹಾಗಾಗಿ ದಿನಾ ಕೇಳುತ್ತೇನೆ, "ಎಷ್ಟ ಕಾಣಸ್ತಾವ?" "ಎರಡ್ರಿ ಅಬ್ಬಾ." "ಮಣಿ ಎರಡೋ, ದಾರ ಎರಡೋ?" "ಒಮ್ಮೊಮ್ಮೆ ಎರಡೂ ಎರಡ್ರಿ." "ಸುಳ್ಳ ಹೇಳಬ್ಯಾಡ, ಸರಿಯಾಗಿ ನೋಡು." ನಾನು ಕಟ್ಟಿದ ದಾರ ಒಂದೇ. ಅದು ಎರಡು ಹೇಗಾಗುತ್ತದೆ?

ಅರ್ಜಿ ಹಾಕಿದೆ. ಜತ್ತದ ತಾಲೂಕು ಕಚೇರಿಯ ಹೊರಗೆ ಟೈಪ್ ಮಾಡುವ ಬಾಳಾಸಾಹೇಬನ ಹತ್ತಿರ ಹೋಗಿದ್ದೆ. ವ್ಯಾಯಾಮ ಎನ್ನುವುದು ಹಗುರಾಗಿ ಕೇಳಿಸುತ್ತದೆ ಎಂದು "ಕಣ್ಣಿನ ತಾಲೀಮು ಅಂತ ಬರಿ" ಎಂದೆ. ನಮ್ಮ ಮನೆಮಾತು ಉರ್ದುವಿನಲ್ಲಿ ತಾಲೀಮ್ ಎಂದರೆ ಕಲಿಕೆ, ತೂಕದ ಮಾತು. ಬಾಳಾಸಾಹೇಬ, "ಕಾಸೀಂಭಾಯಿ, ಕಣ್ಣಿಗೆಂಥಾ ತಾಲೀಮು? ಕುಸ್ತಿ ಆಡಸ್ತೀರೇನು?" ಎಂದು ನಗುತ್ತಲೇ ಟೈಪ್ ಮಾಡಿದ. ನಾನೂ ನಕ್ಕೆ.

ಇಂತಿ
ಕಾಸೀಂಸಾಬ


ಸೊಲ್ಲಾಪುರ
೧೯ ಆಗಸ್ಟ್ ೨೦೦೩

ಕಾಸೀಂ,

ನಗಬಾರದು, ಆದರೂ ನಕ್ಕಿದ್ದೇನೆ. ಪುಣೆಯವರ ಉತ್ತರದ ಪ್ರತಿ ನನಗೂ ಬಂದಿದೆ. "ವಿಮಾದಾರರ ಮಗಳು ಕುಸ್ತಿಯ ತಾಲೀಮಿಗೆ ಹೋಗುವ ಖರ್ಚನ್ನು ಪಾಲಿಸಿಯಲ್ಲಿ ಕೊಡಲು ಬರುವುದಿಲ್ಲ. ಕುಸ್ತಿಯಲ್ಲಿ ಪೆಟ್ಟಾಗಿ ಆಸ್ಪತ್ರೆಗೆ ಸೇರಿದ್ದರೆ ಕಾಗದಪತ್ರ ಕಳಿಸಬೇಕು." ಶಾಂತಾದೇವಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವರ ಮರಾಠಿಯಲ್ಲಿ ತಾಲೀಮು ಎಂದರೆ ಪೈಲವಾನರ ಗರಡಿ ಅಲ್ಲವೇನೋ! ಅವರು ತಿರುಗಿ ಕಳಿಸಿದ ಅರ್ಜಿಯ ಕೆಳಗೆ ಸರ್ಟಿಫಿಕೇಟು ಪಿನ್ನಿನಲ್ಲಿ ಹಾಗೇ ಇತ್ತು. ಯಾರೂ ಹಾಳೆ ತಿರುವಿಲ್ಲ.

ಒಂದು ಉಪಾಯ ಹೇಳುತ್ತೇನೆ, ಸಿಟ್ಟಾಗಬೇಡ. ಮಿರಜಿಯ ಯಾವುದಾದರೂ ಆಸ್ಪತ್ರೆಯಲ್ಲಿ ಕೂಸನ್ನು ಒಂದು ದಿನ ಮಲಗಿಸು. ತಲೆನೋವು ಎಂದು ಬರೆಸು. ಹಾಸಿಗೆ ಸಿಕ್ಕಿತೆಂದರೆ ಅದು ರೋಗ. ಕಣ್ಣಿನ ಖರ್ಚು ಅದರ ಹಿಂದಿನಿಂದ ಬರುತ್ತದೆ. ಎಲ್ಲರೂ ಮಾಡುತ್ತಾರೆ.

ನಿನ್ನ
ಶಿವಯೋಗೆಪ್ಪ


ಡಫಳಾಪುರ
೨೨ ಸೆಪ್ಟೆಂಬರ್ ೨೦೦೩

ಶಿವಯೋಗೆಪ್ಪನಿಗೆ,

ನಿನ್ನ ಉಪಾಯ ಓದಿ ನನಗೆ ನಿಜಕ್ಕೂ ಬೇಸರವಾಯಿತು. ದಿನಾ ಮಗಳಿಗೆ ಸುಳ್ಳು ಹೇಳಬೇಡ ಎನ್ನುವ ನಾನು ಅವಳನ್ನು ಸುಳ್ಳೇ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಸಲೇ? ನನಗೆ ರೋಗ ಹೌದೋ ಅಲ್ಲವೋ ಎಂಬ ಮಾತು ಬೇಕಾಗಿತ್ತು. ನೀನು ಕಾಗದದ ಮೇಲೆ ಮಾಡಿಸಿದ ರೋಗ ಕೊಡಲು ಬಂದೆ.

ನಾನು ಇನ್ನೊಂದು ಅರ್ಜಿ ಹಾಕಿದ್ದೆ. ನಿನಗೆ ತಿಳಿಸಲಿಲ್ಲ. ತಾಲೀಮು ಬೇಡ ಎಂದು ಈ ಸಲ "ನಜರಿನ ಇಲಾಜು" ಎಂದು ಬರೆಸಿದೆ. ನಜರು ಎಂದರೆ ದೃಷ್ಟಿ, ಇಲಾಜು ಎಂದರೆ ಚಿಕಿತ್ಸೆ ಅಲ್ಲವೇ? ಅವರು ಹಾಳೆ ತಿರುವುವುದಿಲ್ಲ ಎಂದು ಗೊತ್ತಾಗಿತ್ತಲ್ಲ, ಅದಕ್ಕೆ ಮೂಗಿಗೆ ಹಿಡಿಯುವ ದಾರ, ಮೂರು ಬಣ್ಣದ ಮಣಿ, ಎಲ್ಲವನ್ನೂ ಮೇಲಿನ ಹಾಳೆಯಲ್ಲೇ ವಿವರವಾಗಿ ಬರೆಸಿದೆ. ಉತ್ತರ ಬಂತು: "ದೃಷ್ಟಿ ತೆಗೆಯುವುದು, ಮಂತ್ರಿಸಿದ ದಾರ, ತಾಯಿತ ಮುಂತಾದವುಗಳ ಖರ್ಚು ಪಾಲಿಸಿಗೆ ಬರುವುದಿಲ್ಲ."

ಓದಿ ಮಡಿಸಿ ಅಂಗಡಿಯ ಡ್ರಾವರಿಗೆ ಹಾಕಿದೆ. ನಗು ಬರಲಿಲ್ಲ.

ಈಗ ಇನ್ನೊಂದು ಗೊಂದಲ. ಹದಿನೈದು ದಿನದಿಂದ ಆರಜೂ, "ಒಂದ ಕಾಣಸ್ತೈತ್ರಿ ಅಬ್ಬಾ, ಮಣೀನೂ ಒಂದ, ದಾರಾನೂ ಒಂದ" ಅನ್ನುತ್ತಾಳೆ. ಮೊದಲ ದಿನ ಖುಷಿಯಾಗಿ ಓಣಿಗೆಲ್ಲ ಪೇಢೆ ಹಂಚಿದೆ. ಗುಣವಾಯಿತೆಂದು ಮಿರಜಿಗೆ ಹೋಗುವುದನ್ನೂ ನಿಲ್ಲಿಸಿದೆ. ಮೊನ್ನೆ ಶಾಲೆಯ ಪರೀಕ್ಷೆಯ ಹಾಳೆ ಬಂತು. ಅರ್ಧ ಖಾಲಿ. ಕಣ್ಣು ಸರಿಯಾದ ಮೇಲೂ ಓದುವುದಿಲ್ಲ ಎಂದರೆ ಏನು ಅರ್ಥ? ಔಷಧವಿಲ್ಲದೆ ಮೂರು ತಿಂಗಳಲ್ಲಿ ಹೋಯಿತು ಎಂದರೆ ಅದು ಇತ್ತೇ? ಕಂಪನಿ ಎರಡು ಸಲ ಇಲ್ಲ ಅಂದಿದೆ. ಗುರುಗಳು ಮೊದಲೇ ಹೇಳಿದ್ದರು.

ದೀಪಾವಳಿಯ ನಂತರ ಅವಳು ಶಾಲೆಗೆ ಹೋಗುವುದಿಲ್ಲ. ನಜಮಾಗೆ ಹೇಳಿದ್ದೇನೆ. ನೀನು ಇದಕ್ಕೆ ಉತ್ತರ ಬರೆಯದಿದ್ದರೂ ನಡೆಯುತ್ತದೆ.

ಕಾಸೀಂಸಾಬ


ಡಫಳಾಪುರ
೮ ಅಕ್ಟೋಬರ್ ೨೦೦೩

ಶಿವಯೋಗೆಪ್ಪ ಕಾಕಾ ಅವರಿಗೆ ಆರಜೂ ಮಾಡುವ ಸಲಾಮುಗಳು.

ನಾನು ನಿಮಗೆ ಬರೆದದ್ದು ಅಬ್ಬಾಗೆ ಗೊತ್ತಿಲ್ಲ. ಅಮ್ಮಿಗೆ ಗೊತ್ತಿದೆ, ಅಂಚೆಚೀಟಿ ಅವಳೇ ಕೊಟ್ಟಳು. ಸಾಲು ಓರೆಯಾಗಿದ್ದರೆ ಕ್ಷಮಿಸಿರಿ. ಐದೈದು ಸಾಲು ಬರೆದು ಕಣ್ಣು ಮುಚ್ಚಿ, ಮತ್ತೆ ಬರೆಯುತ್ತಿದ್ದೇನೆ.

ಕಾಕಾ, ನಾನು ಅಬ್ಬಾಗೆ ಒಂದು ಸುಳ್ಳು ಹೇಳಿದ್ದೇನೆ. ಡಾಕ್ಟರ್ ಬಾಯಿ ನನಗೆ ಹೇಳಿಕೊಟ್ಟದ್ದು ಹೀಗೆ: ನೋಡುವ ಮಣಿ ಒಂದೇ ಕಾಣಬೇಕು. ಆದರೆ ದಾರ ಎರಡು ಕಾಣಬೇಕು. ಒಂದು ಬಲಗಣ್ಣಿನ ದಾರ, ಒಂದು ಎಡಗಣ್ಣಿನ ದಾರ. ಅವೆರಡೂ ಮಣಿಯ ಹತ್ತಿರ ಬಂದು ಗುಣಾಕಾರದ ಗುರುತಿನ ಹಾಗೆ ಕೂಡಬೇಕು. ಅದೇ ಸರಿ. ದಾರ ಒಂದೇ ಕಂಡರೆ ಒಂದು ಕಣ್ಣು ಮಲಗಿದೆ ಎಂದು ಅರ್ಥ.

ನನಗೆ ಮೊದಲು ಮಣಿ ಎರಡು ಕಾಣುತ್ತಿದ್ದವು. ಆಗಸ್ಟಿನಲ್ಲಿ ನಡುವಿನ ಮಣಿ ಒಂದಾಯಿತು. ದಾರ ಎರಡೇ ಇದ್ದವು, ಇರಲೇಬೇಕು. ಅಬ್ಬಾಗೆ ಹೇಳಿದರೆ ತಿಳಿಯುವುದಿಲ್ಲ. "ನಾ ಕಟ್ಟಿದ್ದು ಒಂದ ದಾರ, ನಿನಗ ಎರಡ ಹ್ಯಾಂಗ ಕಾಣಸ್ತಾವ?" ಅನ್ನುತ್ತಾರೆ. ನಾನು ಎರಡು ಅಂದ ಕೂಡಲೇ ಅವರ ಮುಖ ಸಣ್ಣದಾಗುತ್ತದೆ. ನನಗೆ ಅದನ್ನು ನೋಡಲಾಗಲಿಲ್ಲ. ಒಂದು ದಿನ "ಒಂದ್ರಿ" ಅಂದೆ. ಪೇಢೆ ಹಂಚಿದರು. ಆಮೇಲೆ ಹಿಂದೆ ತೆಗೆದುಕೊಳ್ಳುವುದು ಹೇಗೆ?

ಹತ್ತಿರದ ಕೆಂಪು ಮಣಿ ಇನ್ನೂ ಎರಡೇ ಇದೆ. ಅದೂ ಒಂದಾದರೆ ಓದಲು ಬರುತ್ತದೆ ಎಂದು ಡಾಕ್ಟರ್ ಬಾಯಿ ಹೇಳಿದ್ದರು. ಅಷ್ಟರಲ್ಲಿ ಮಿರಜಿ ನಿಂತುಹೋಯಿತು. ಈಗ ಸುಳ್ಳು ಹೇಳಿದೆ ಅಂದರೆ ಮೊದಲು ಹೇಳಿದ್ದೂ ಸುಳ್ಳು ಅನ್ನುತ್ತಾರೆ. ನನಗೆ ಮೈಗಳ್ಳತನ ಇಲ್ಲ ಕಾಕಾ. ಇದೆಯೋ ಇಲ್ಲವೋ ಎಂದು ಈಗ ನನಗೇ ತಿಳಿಯದ ಹಾಗಾಗಿದೆ.

ನೀವು ಕಂಪನಿಯವರು. ನೀವು ಹೇಳಿದರೆ ಅಬ್ಬಾ ಕೇಳುತ್ತಾರೆ. ನನ್ನನ್ನು ಶಾಲೆ ಬಿಡಿಸಬಾರದು ಎಂದು ಹೇಳಿರಿ. ನಾನು ಬರೆದದ್ದು ಹೇಳಬೇಡಿರಿ.

ತಮ್ಮ ಮಗಳಂಥ
ಆರಜೂ


ಸೊಲ್ಲಾಪುರ
೧೪ ಅಕ್ಟೋಬರ್ ೨೦೦೩

ಕಾಸೀಂ,

ನೀನು ಉತ್ತರ ಬೇಡ ಎಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಹಾಸಿಗೆಯ ಮಾತು ಆಡಬಾರದಿತ್ತು. ತಪ್ಪಾಯಿತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ ನಾಲಿಗೆ ಹಾಗೆ ಹೊರಳುತ್ತದೆ.

ನಿನ್ನ ಪರವಾಗಿ ನಾನೇ ಮೂರನೆಯ ಅರ್ಜಿ ಹಾಕಿದ್ದೆ. ಈ ಸಲ ಇಂಗ್ಲಿಷಿನಲ್ಲಿ, ಡಾಕ್ಟರರ ಮಾತನ್ನೇ ಎತ್ತಿ, ಸರ್ಟಿಫಿಕೇಟನ್ನು ಎಲ್ಲಕ್ಕಿಂತ ಮೇಲೆ ಹಚ್ಚಿ. ಉತ್ತರ ಬಂದಿದೆ. ಆಸ್ಪತ್ರೆಗೆ ಸೇರಿಲ್ಲ, ಆದ್ದರಿಂದ ಇಲ್ಲ. ಸೇರಿದ್ದರೂ ಇದು ಚಿಕಿತ್ಸೆಯಲ್ಲ, ಕಣ್ಣಿಗೆ ಕೊಡುವ ತರಬೇತಿ, ಆದ್ದರಿಂದ ಇಲ್ಲ. ತರಬೇತಿ! ನೀನು ಮೊದಲ ಅರ್ಜಿಯಲ್ಲೇ ತಾಲೀಮು ಎಂದು ಬರೆಸಿರಲಿಲ್ಲವೇ? ಸುತ್ತಿ ಸುತ್ತಿ ಅವರೂ ಅಲ್ಲಿಗೇ ಬಂದಿದ್ದಾರೆ.

ಒಂದು ಮಾತು ಮಾತ್ರ ಸರಿಯಾಗಿ ಕೇಳು. ಆ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ಎಲ್ಲೂ ಅವರು ಹುಡುಗಿಗೆ ರೋಗವಿಲ್ಲ ಎಂದು ಬರೆದಿಲ್ಲ. ತಾವು ಹಣ ಕೊಡುವುದಿಲ್ಲ ಎಂದಷ್ಟೇ ಬರೆದಿದ್ದಾರೆ. ಕಂಪನಿಯ ಕೆಲಸ ಅಷ್ಟೇ. ನೀನು ಅವರಿಗೆ ಡಾಕ್ಟರರ ಕೆಲಸ ಕೊಟ್ಟೆ, ಗುರುಗಳ ಕೆಲಸ ಕೊಟ್ಟೆ, ಕಡೆಗೆ ಅಪ್ಪನ ಕೆಲಸವನ್ನೂ ಅವರಿಗೇ ಕೊಟ್ಟುಬಿಟ್ಟೆ. ಇದನ್ನು ನೋಡಿ ನನಗೆ ಸಂಕಟವಾಗಿದೆ.

ಕೂಸನ್ನು ಈಗ ಏನೂ ಕೇಳಬೇಡ. ಮೊದಲು ನನ್ನದೊಂದು ಕೆಲಸ ಮಾಡು. ನಿನ್ನೆ ನಾನು ಶಾಂತಾದೇವಿಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಮೂರು ಗುಂಡಿ ಪೋಣಿಸಿ, ಒಂದು ತುದಿ ಕಪಾಟಿನ ಹಿಡಿಕೆಗೆ ಕಟ್ಟಿ, ಇನ್ನೊಂದನ್ನು ಮೂಗಿಗೆ ಹಿಡಿದೆ. ನಡುವಿನ ಗುಂಡಿ ನೋಡಿದೆ. ಗುಂಡಿ ಒಂದೇ ಕಂಡಿತು. ದಾರ ಮಾತ್ರ ಎರಡು ಕಂಡವು! ಶಾಂತಾದೇವಿಗೂ ಎರಡು. ಆಫೀಸಿನಲ್ಲಿ ಏಳು ಮಂದಿಗೆ ತೋರಿಸಿದೆ, ಏಳು ಮಂದಿಗೂ ಎರಡು. ಹಾಗಾದರೆ ನಮಗೆಲ್ಲ ರೋಗವೇ? ಡಾಕ್ಟರ್ ಬಾಯಿ ಹೇಳಿದ್ದು ಮಣಿಯ ಮಾತೋ ದಾರದ ಮಾತೋ?

ಆರಜೂನ ದಾರವನ್ನು ನಿನ್ನ ಮೂಗಿಗೂ ಒಮ್ಮೆ ಹಿಡಿ. ಎಷ್ಟು ಕಾಣುತ್ತವೆ ಎಂದು ಬರೆ. ಅದರ ಮೇಲೆ ಶಾಲೆ ಬಿಡಿಸುವುದಿದ್ದರೆ ಬಿಡಿಸು.

ಎಂದಿಗೂ ನಿನ್ನ
ಶಿವಯೋಗೆಪ್ಪ


ಡಫಳಾಪುರ
೨೦ ನವೆಂಬರ್ ೨೦೦೩

ಗೆಳೆಯ ಶಿವಯೋಗೆಪ್ಪನಿಗೆ ಕಾಸೀಂಸಾಬನ ಸಲಾಮು.

ಒಂದು ತಿಂಗಳು ಬರೆಯಲಿಲ್ಲ. ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ.

ನಿನ್ನ ಕಾಗದ ಬಂದ ದಿನವೇ ದಾರವನ್ನು ಅಂಗಡಿಗೆ ಒಯ್ದೆ. ಶಟರಿನ ಹಿಡಿಕೆಗೆ ಕಟ್ಟಿ ಮೂಗಿಗೆ ಹಿಡಿದೆ. ಮಣಿ ಒಂದು, ದಾರ ಒಂದು. ನಿನಗೆಲ್ಲೋ ತಲೆ ಕೆಟ್ಟಿದೆ ಎಂದುಕೊಂಡೆ. ಪಕ್ಕದ ಸೈಕಲ್ ಅಂಗಡಿಯ ಧೂಳಪ್ಪನನ್ನು ಕರೆದೆ. ಅವನು ನೋಡಿ, "ಅಲ್ಲೋ ಮಾರಾಯಾ, ಎರಡ ಕಾಣಸ್ತಾವಲ್ಲ! ಇದೇನ ಜಾದೂ ಮಾಡೀದಿ?" ಎಂದ. ಮನೆಗೆ ಬಂದು ನಜಮಾಗೆ ಹಿಡಿಸಿದೆ. ಎರಡು. ಮತ್ತೆ ನಾನು ಹಿಡಿದೆ. ಒಂದು. ಕಣ್ಣು ತಿಕ್ಕಿಕೊಂಡು ಹಿಡಿದೆ, ಕುಳಿತು ಹಿಡಿದೆ, ನಿಂತು ಹಿಡಿದೆ. ಒಂದೇ.

ಆಮೇಲೆ ಬಲಗಣ್ಣು ಮುಚ್ಚಿ ನೋಡಿದೆ. ಶಿವಯೋಗೆಪ್ಪ, ಗೋಡೆಯ ಮೇಲಿನ ಕ್ಯಾಲೆಂಡರಿನ ದೊಡ್ಡ ಅಂಕಿ ನನಗೆ ಕಾಣಿಸಲಿಲ್ಲ. ಮೂವತ್ತು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಎಡಗಣ್ಣು ಮುಚ್ಚಿ ಕೆಲಸ ಮಾಡಿದವ ನಾನು. ಬಲಗಣ್ಣನ್ನು ಮುಚ್ಚಿ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಮರುದಿನ ಮಗಳನ್ನು ಕರೆದುಕೊಂಡು ಮಿರಜಿಗೆ ಹೋದೆ. ನನ್ನ ದಾರದ ಸಂಗತಿ ಕೇಳಿ ಡಾಕ್ಟರ್ ಬಾಯಿ, ದಾರ ಎರಡು ಕಾಣುವುದೇ ಸರಿ ಎಂದು ಹೇಳಿ, ಅವಳ ಬದಲು ನನ್ನನ್ನೇ ಮೊದಲು ಕೂರಿಸಿದರು. ಚಿಕ್ಕಂದಿನಿಂದಲೂ ನನ್ನ ಎಡಗಣ್ಣು ಮಲಗಿದೆಯಂತೆ. ಕಣ್ಣು ತೆರೆದೇ ಇದೆ, ಮಿದುಳು ಅದನ್ನು ಕೇಳುವುದನ್ನು ಬಿಟ್ಟಿದೆಯಂತೆ. ಗಡಿಯಾರದ ಕೆಲಸದಿಂದ ಆದದ್ದಲ್ಲವಂತೆ. ಒಂದೇ ಕಣ್ಣಿನವನಿಗೆ ಯಾವುದು ಎಷ್ಟು ದೂರ ಎಂದು ಸರಿಯಾಗಿ ತಿಳಿಯುವುದಿಲ್ಲವಂತೆ. ನೀವು ನಗುತ್ತಿದ್ದ ಚಿನ್ನಿದಾಂಡು ನೆನಪಾಯಿತು. ಈ ವಯಸ್ಸಿನಲ್ಲಿ ವ್ಯಾಯಾಮದಿಂದ ಹೆಚ್ಚು ಆಗಲಿಕ್ಕಿಲ್ಲ ಎಂದರು.

ಆರಜೂನ ಕಣ್ಣು ಅರ್ಧ ದಾರಿಗೆ ಬಂದಿದೆ. ವಾರವಾರ ಬಂದರೆ ಫೆಬ್ರುವರಿಯ ಒಳಗೆ ಓದುತ್ತಾಳೆ ಎಂದರು. ಸೂಟಿ ಮುಗಿದು ಶಾಲೆ ಸುರುವಾಗಿದೆ, ಹೋಗುತ್ತಿದ್ದಾಳೆ. ಗುರುಗಳಿಗೆ ನಾನೇ ಹೋಗಿ ಹೇಳಿದೆ. ಸರ್ಟಿಫಿಕೇಟನ್ನು ಅವರ ಮೇಜಿನ ಮೇಲೆ ಇಟ್ಟೆ. ಕಂಪನಿಯ ಕಾಗದಗಳನ್ನು ಒಯ್ಯಲಿಲ್ಲ.

ಪಾಲಿಸಿ ಮುಂದುವರಿಸುವ ಫಾರ್ಮು ಬಂದಿದೆ. "ಮೊದಲಿನಿಂದ ಇರುವ ರೋಗ" ಎಂಬ ಕಡೆ ಪ್ರತಿ ವರ್ಷ "ಇಲ್ಲ" ಎಂದು ಬರೆದು ಸಹಿ ಹಾಕಿದ್ದೇನೆ. ಈಗ ಏನು ಬರೆಯಲಿ? ನನಗೆ ಗೊತ್ತಿಲ್ಲದ್ದನ್ನು ಮುಚ್ಚಿಟ್ಟ ಹಾಗಾಯಿತೇ? ನೀನೂ ಪುಸ್ತಕ ತೆಗೆದು ನೋಡು. ಮೂರು ಸಲ ಓದಬೇಡ, ಮತ್ತೆ ತಲೆ ಕೆಡುತ್ತದೆ.

ಇನ್ನೊಂದು ಹೇಳುವುದಿದೆ. ಮಿರಜಿಯಿಂದ ಬಂದ ಸಂಜೆ ಮಗಳಿಗೆ, "ನನ್ನಿಂದ ತಪ್ಪಾತವ್ವಾ" ಎಂದೆ. ಅವಳು ದಾರದ ಒಂದು ತುದಿ ತಾನೇ ಹಿಡಿದುಕೊಂಡು ಎದುರು ಕುಳಿತು ಇನ್ನೊಂದನ್ನು ನನ್ನ ಮೂಗಿಗೆ ಹಚ್ಚಿದಳು.

"ಅಬ್ಬಾ, ಎಷ್ಟ ದಾರ ಕಾಣಸ್ತಾವ್ರಿ?"

ಎರಡು ಅನ್ನಬೇಕೆಂದು ಬಾಯಿಗೆ ಬಂದಿತ್ತು. ಅವಳ ಮುಖ ನೋಡಿದೆ. ಆ ಕ್ಷಣ ತಿಳಿಯಿತು, ಇವಳೂ ಹೀಗೇ ನನ್ನ ಮುಖ ನೋಡಿಯೇ "ಒಂದ್ರಿ" ಅಂದಿರಬೇಕು ಎಂದು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

"ಒಂದ ಐತಿ" ಎಂದೆ. ಸುಳ್ಳು ಹೇಳಬೇಡಿ, ಸರಿಯಾಗಿ ನೋಡಿ ಎನ್ನುತ್ತಾಳೆಂದು ಕಾದೆ. ನಾನು ಅವಳಿಗೆ ದಿನಾ ಅಂದ ಮಾತು ಅದೇ.

"ಇರ್ಲಿ ಬಿಡ್ರಿ ಅಬ್ಬಾ" ಎಂದಳು. "ಒಂದ ಕಂಡ್ರ ಒಂದ ಅನ್ರಿ."

ತಂಗಿ ಶಾಂತಾದೇವಿಗೆ ನನ್ನ ಸಲಾಮು ತಿಳಿಸು.

ಇಂತಿ ನಿನ್ನ
ಕಾಸೀಂಸಾಬ